ಗದಗ ಸೀಮೆಯ ಹತ್ತಿಕಟ್ಟಿಗೆ ಮತ್ತು ಮರಮೂಲದ ಹಲಗೆಗಳು: ಮೇಲ್ಮೈ ವಿನ್ಯಾಸ ಹಾಗೂ ಬಲಪರೀಕ್ಷೆಯ ಚಾರಿತ್ರಿಕ ಅವಲೋಕನ

ಗದಗ ಸೀಮೆಯ ಆರ್ಥಿಕ ಇತಿಹಾಸದಲ್ಲಿ ಹತ್ತಿಗೆ ಪ್ರಧಾನ ಸ್ಥಾನವಿದೆ. ಅರಳೆ, ಬೀಜ, ನೂಲುಗಳ ಚರಿತ್ರೆಯಂತೆ, ಬೆಳೆ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಹತ್ತಿಕಟ್ಟಿಗೆಗೂ ಒಂದು ಚರಿತ್ರೆಯುಂಟು. ಈ ಕಟ್ಟಿಗೆಯು ಹಲಗೆಯ ಕಚ್ಚಾವಸ್ತುವಾಗಿ ಮಾನ್ಯತೆ ಪಡೆದ ಬಗೆಯನ್ನು, ಅದಕ್ಕೆ ಆಧಾರವಾದ ಬಲಪರೀಕ್ಷೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾದೇಶಿಕ ಹಿನ್ನೆಲೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರವು ಬಹುಮಟ್ಟಿಗೆ ಮಳೆಯಾಶ್ರಿತ ಬಯಲುಸೀಮೆ. ಕಪ್ಪತಗುಡ್ಡ ಔಷಧಿಸಸ್ಯಗಳಿಗೆ ಹೆಸರಾಗಿದ್ದರೂ ಅದು ಕುರುಚಲು ಕಾಡು. ದೊಡ್ಡ ಮರಮುಟ್ಟಿಗೆ ಈ ಸೀಮೆಯು ಪಶ್ಚಿಮದ ಮಲೆನಾಡನ್ನೇ ನೆಚ್ಚಬೇಕಾಯಿತು. ಹತ್ತಿಯ ಸ್ಥಿತಿ ಇದಕ್ಕೆ ವಿರುದ್ಧ. 1840ರ ದಶಕದಲ್ಲಿ ಧಾರವಾಡ ಪ್ರಾಂತದಲ್ಲಿ ಅಮೆರಿಕನ್ ತಳಿಗಳ ಪ್ರಯೋಗ ನಡೆಯಿತು. 1884ರಲ್ಲಿ ಗದಗಕ್ಕೆ ರೈಲು ಬಂದಿತು. ಅರಳೆ ಬಿಡಿಸುವ ಕಾರ್ಖಾನೆಗಳು ಬೆಳೆದವು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಸಂಕರ ತಳಿ 1972ರಲ್ಲಿ ಬಿಡುಗಡೆಯಾಯಿತು. ಇಷ್ಟೆಲ್ಲ ಬೆಳವಣಿಗೆಯಲ್ಲಿಯೂ ಗಿಡದ ಕಟ್ಟಿಗೆ ಮಾತ್ರ ಒಲೆಯ ಉರುವಲಾಗಿಯೇ ಉಳಿಯಿತು.

ಕಿನ್ನಾಳದ ಪೂರ್ವನಿದರ್ಶನ

ಮರದ ಚೂರುಗಳನ್ನು ಅಂಟಿನಿಂದ ಬೆಸೆಯುವ ಕ್ರಮ ಈ ಭಾಗಕ್ಕೆ ಹೊಸದಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನೊಡನೆ ಬೆರೆಸಿ ‘ಕಿಟ್ಟ’ವನ್ನು ಸಿದ್ಧಪಡಿಸುತ್ತಾರೆ. ಹಗುರ ಮರದ ಗೊಂಬೆಗೆ ಇದನ್ನು ಬಳಿದ ಮೇಲೆ, ಕಲ್ಲುಪುಡಿ ಮತ್ತು ಅಂಟಿನ ಮಿಶ್ರಣದಿಂದ ಆಭರಣಗಳ ಉಬ್ಬುಚಿತ್ರ ಮೂಡಿಸುತ್ತಾರೆ. ಇಲ್ಲಿ ವಿನ್ಯಾಸವು ಮರವನ್ನು ಕೊರೆಯುವುದಿಲ್ಲ, ಅದರ ಮೇಲೆ ಕೂಡುತ್ತದೆ ಎಂಬುದು ಗಮನಾರ್ಹ.

ಹಲಗೆಯ ಕೈಗಾರಿಕೆ ಮತ್ತು ಮಾನಕಗಳು

ಯುರೋಪಿನಲ್ಲಿ 1940ರ ದಶಕದಲ್ಲಿ ಮರದ ಚೂರುಗಳಿಂದ ಪಾರ್ಟಿಕಲ್ ಬೋರ್ಡ್ ತಯಾರಿಕೆ ಆರಂಭವಾಯಿತು. ಕರ್ನಾಟಕದಲ್ಲಿ ದಾಂಡೇಲಿ ಪ್ಲೈವುಡ್ಡಿನ ಕೇಂದ್ರವಾಗಿ ಬೆಳೆಯಿತು. ಬೆಂಗಳೂರಿನಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವೂ 1962ರಲ್ಲಿ ಪ್ಲೈವುಡ್ ಕೈಗಾರಿಕೆಯ ಸಂಶೋಧನಾ ಸಂಸ್ಥೆಯೂ ಸ್ಥಾಪನೆಗೊಂಡವು. ಮರಕ್ಕೆ ಬದಲಿ ವಸ್ತುಗಳನ್ನು ಬಳಸಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಸಾರಿತು. 1996ರ ಡಿಸೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಕಾಡಿನ ಮರದ ಬಳಕೆಗೆ ಬಿಗಿಯಾದ ಕಟ್ಟಳೆ ಬಿದ್ದಿತು.

ಭಾರತೀಯ ಮಾನಕಗಳಾದ ಐಎಸ್ 2380 ಮತ್ತು ಐಎಸ್ 3087 ತಮ್ಮ ಶೀರ್ಷಿಕೆಯಲ್ಲಿಯೇ ಮರದೊಡನೆ ‘ಇತರ ಲಿಗ್ನೋಸೆಲ್ಯುಲೋಸ್ ವಸ್ತು’ಗಳನ್ನೂ ಸೇರಿಸಿಕೊಂಡವು. ಕಚ್ಚಾವಸ್ತು ತೇಗವೋ ಹತ್ತಿಕಟ್ಟಿಗೆಯೋ ಎಂಬುದು ನಿರ್ಣಾಯಕವಲ್ಲ. ಸಾಂದ್ರತೆ, ಬಾಗುಬಲ, ಒಳಪದರಗಳ ಬೆಸುಗೆ, ಸ್ಕ್ರೂ ಹಿಡಿತ ಹಾಗೂ ನೀರಿನಲ್ಲಿ ನೆನೆದಾಗ ದಪ್ಪ ಉಬ್ಬುವ ಪ್ರಮಾಣಗಳೇ ನಿರ್ಣಾಯಕ. ಮಧ್ಯಮ ಸಾಂದ್ರತೆಯೆಂದರೆ ಘನಮೀಟರಿಗೆ 500ರಿಂದ 900 ಕಿಲೋಗ್ರಾಂ.

ವಿನ್ಯಾಸ ಮತ್ತು ಬಲ

ಹಲಗೆಯ ಮೇಲ್ಮೈಗೆ ವಿನ್ಯಾಸ ಕೊಡುವ ಮುಖ್ಯ ಕ್ರಮಗಳು ಮೂರು: ಗಾಡಿ ಕೊರೆಯುವುದು, ಉಬ್ಬುತಗ್ಗಿನ ಲೋಹದ ಅಚ್ಚಿನಿಂದ ಬಿಸಿಯಲ್ಲಿ ಒತ್ತುವುದು, ನೇಯ್ಗೆಯನ್ನೇ ಮೇಲ್ಮೈಯಾಗಿ ಉಳಿಸುವುದು. ಹಲಗೆ ತಡೆಯುವ ಬಾಗುಭಾರ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. 12 ಮಿಲಿಮೀಟರ್ ಹಲಗೆಯಲ್ಲಿ, ಭಾರ ಹೆಚ್ಚಿರುವೆಡೆ ಅಡ್ಡಲಾಗಿ 3 ಮಿಲಿಮೀಟರ್ ಆಳದ ಗಾಡಿ ಕೊರೆದರೆ 9 ಮಿಲಿಮೀಟರ್ ಉಳಿಯುತ್ತದೆ. ದಪ್ಪ ಕಡಿಮೆಯಾದುದು ಕಾಲುಭಾಗ, ಭಾರ ತಡೆಯುವ ಶಕ್ತಿ ಇಳಿಯುವುದು ಸುಮಾರು ಶೇ. 56ಕ್ಕೆ. ಮೂರು ಪದರಿನ ಹಲಗೆಯಲ್ಲಿ ಹೊರಪದರವೇ ಗಟ್ಟಿಯಾದುದರಿಂದ ನಷ್ಟ ಇನ್ನೂ ಹೆಚ್ಚು. ಅಚ್ಚಿನಲ್ಲಿ ಒತ್ತಿದಾಗ ಚೂರುಗಳು ಕತ್ತರಿಸಿಹೋಗದೆ ತಗ್ಗಿನಲ್ಲಿ ಒತ್ತೊತ್ತಾಗಿ ಕೂಡುತ್ತವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಬಿದಿರುಚಾಪೆಯ ಹಲಗೆಯಲ್ಲಿ ಕಣ್ಣಿಗೆ ಕಾಣುವ ನೇಯ್ಗೆಯೇ ಬಲವನ್ನೂ ಕೊಡುತ್ತದೆ. ಇದಕ್ಕೆ 1994ರಲ್ಲಿ ಐಎಸ್ 13958 ಎಂಬ ಮಾನಕ ರೂಪುಗೊಂಡಿತು.

ಹತ್ತಿಕಟ್ಟಿಗೆಯ ಪ್ರಯೋಗ

1924ರಲ್ಲಿ ಮುಂಬಯಿಯಲ್ಲಿ ಆರಂಭವಾದ ಹತ್ತಿ ತಂತ್ರಜ್ಞಾನ ಸಂಸ್ಥೆಯು ಹತ್ತಿಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ತಯಾರಿಸುವ ವಿಧಾನವನ್ನು ರೂಪಿಸಿತು; 2000ರ ದಶಕದಲ್ಲಿ ಅಂತಾರಾಷ್ಟ್ರೀಯ ನೆರವಿನಿಂದ ನಾಗಪುರದಲ್ಲಿ ಪ್ರಾಯೋಗಿಕ ಘಟಕ ಸಿದ್ಧವಾಯಿತು. ಕಟ್ಟಿಗೆಯನ್ನು ಚೂರು ಮಾಡಿ, ಧೂಳು ಜರಡಿ ಹಿಡಿದು, ಒಣಗಿಸಿ, ರಾಳ ಬೆರೆಸಿ, ಬಿಸಿ ಒತ್ತುಯಂತ್ರದಲ್ಲಿ ಒತ್ತುವುದು ಇದರ ಕ್ರಮ. ನಾರುಳ್ಳ ತೊಗಟೆ ಮತ್ತು ಮೃದುವಾದ ತಿರುಳು ಬೆಸುಗೆಗೆ ತೊಡಕಾಗುವುದರಿಂದ ಪರೀಕ್ಷೆಯ ಫಲಿತಾಂಶ ಜರಡಿಯ ಹಂತದಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಒಂದು ಹೆಕ್ಟೇರಿನಲ್ಲಿ ಎರಡರಿಂದ ಮೂರು ಟನ್ ಕಟ್ಟಿಗೆ ದೊರೆಯುತ್ತದೆ. ಹೊಲದಲ್ಲಿಯೇ ಬಿಟ್ಟರೆ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ದಾಟುತ್ತದೆ. ಸುಟ್ಟರೆ ರೈತನಿಗೆ ಪ್ರತಿಫಲವಿಲ್ಲ. ಹಾಗೆಂದು ಎಲ್ಲವನ್ನೂ ಕಾರ್ಖಾನೆಗೆ ಸಾಗಿಸಿದರೆ, ಅದನ್ನೇ ಉರುವಲಾಗಿ ನೆಚ್ಚಿದ ಬಡ ಕುಟುಂಬಗಳ ಒಲೆಗೆ ಬದಲಿ ಬೇಕಾಗುತ್ತದೆ. ತೂಕ ಕಡಿಮೆ, ಗಾತ್ರ ಹೆಚ್ಚು ಇರುವ ಈ ಕಟ್ಟಿಗೆಯನ್ನು ದೂರ ಸಾಗಿಸುವುದು ಲಾಭದಾಯಕವೂ ಅಲ್ಲ.

ಒಟ್ಟಿನಲ್ಲಿ, ಮರವಿಲ್ಲದ ಸೀಮೆಗೆ ಹಲಗೆಯ ಕೈಗಾರಿಕೆ ಅಸಾಧ್ಯವೆಂಬ ಭಾವನೆಯನ್ನು ಮಾನಕಗಳ ಚರಿತ್ರೆ ನಿರಾಕರಿಸುತ್ತದೆ. ಗದಗ ಸೀಮೆಯ ಹತ್ತಿಕಟ್ಟಿಗೆಗೆ ಬೆಲೆ ಬರಬೇಕಾದರೆ ಹಲಗೆಯ ಮೇಲ್ಮೈಯ ಅಂದದೊಡನೆ ಅದರ ಬಾಗುಬಲವೂ ಸ್ಕ್ರೂ ಹಿಡಿತವೂ ಅಳೆಯಲ್ಪಡಬೇಕು. ಕೊರೆಯದೆ ವಿನ್ಯಾಸ ಮೂಡಿಸಿದ ಕಿನ್ನಾಳದ ಕ್ರಮವು ಈ ದೃಷ್ಟಿಯಿಂದಲೂ ಅಧ್ಯಯನಯೋಗ್ಯವಾಗಿದೆ.