ನಾಲೆ ನೀರಿನ ಹಿಂದೆ ಬಂದ ಚಳಿಜ್ವರ

ಹೋದ ಸಲ ಊರಿಗೆ ಹೋದಾಗ ಹಳೇ ಮನೆಯ ಗೋಡೆಯಲ್ಲಿ ಸುಣ್ಣ ಉದುರಿದ ಕಡೆ ಕಾವಿ ಬಣ್ಣದ ಅಂಕಿಗಳು ಕಂಡವು. ಡಿಡಿಟಿ ಹೊಡೆದು ಹೋದವರು ಬರೆದಿಟ್ಟ ತಾರೀಖು. ಎಷ್ಟು ಸಲ ಸುಣ್ಣ ಬಳಿದಿದ್ದರೂ ಅಡಿಯಲ್ಲಿ ಹಾಗೇ ಕೂತಿತ್ತು. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. "ನಾಲೆ ನೀರ್ ಬಂದ್ಮೇಲೆ ಅನ್ನ ಕಂಡೋ ಕನಪ್ಪ, ಅದ್ರ ಹಿಂದೇನೇ ಚಳಿಜ್ವರನೂ ಬಂತು" ಅಂತಿದ್ದಳು ಅಜ್ಜಿ. ಅವಳು ಮಾತಿಗೆ ಹೇಳ್ತಾಳೆ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದರೆ ಅದು ಅಕ್ಷರಶಃ ನಿಜ!

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಕಟ್ಟುವಾಗಲೇ ಕೂಲಿಕಾರರ ಬಿಡಾರಗಳಲ್ಲಿ ಮಲೇರಿಯಾ ಹಬ್ಬಿತ್ತು. 1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಹುಲಿಕೆರೆ ಸುರಂಗ ದಾಟಿ ಇರ್ವಿನ್ ನಾಲೆಯಲ್ಲಿ ನೀರು ಮಂಡ್ಯದ ಕಡೆ ಹರಿಯಿತು. ಈಗ ಅದನ್ನೇ ವಿಶ್ವೇಶ್ವರಯ್ಯ ನಾಲೆ ಅನ್ನೋದು. ರಾಗಿ ಬೆಳೆಯುತ್ತಿದ್ದ ಕೆಂಪು ಹೊಲಗಳು ಭತ್ತದ ಗದ್ದೆಗಳಾದವು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಜಿಲ್ಲೆಯೇ ಬೇರೆಯಾಯಿತು. ಈ ಕತೆ ಎಲ್ಲರಿಗೂ ಗೊತ್ತು. ಗದ್ದೆಯಲ್ಲಿ, ನಾಲೆಯ ಸೋರಿಕೆ ಗುಂಡಿಗಳಲ್ಲಿ ನಿಂತ ತಿಳಿನೀರು ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅನ್ನೋ ಸೊಳ್ಳೆಗೆ ತವರುಮನೆ ಆಯಿತು ಅನ್ನೋದನ್ನ ಮಾತ್ರ ನಾವ್ಯಾರೂ ಶಾಲೇಲಿ ಓದಲಿಲ್ಲ.

ಆ ಕಾಲದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಾ. ಸ್ವೀಟ್ ಮತ್ತು ನಮ್ಮ ಸಂಸ್ಥಾನದ ಬಿ. ಎ. ರಾವ್ ಸೇರಿ ಇಲ್ಲಿನ ಸೊಳ್ಳೆಗಳ ಹಿಂದೆ ಬಿದ್ದಿದ್ದರು. 1937ರಲ್ಲಿ ಅವರು ಸೊಳ್ಳೆ ಮೊಟ್ಟೆಯ ಪಕ್ಕದಲ್ಲಿ ತೇಲೋದಕ್ಕೆ ಇರುವ ಗೀರುಗಳನ್ನು ಎಣಿಸಿ, ಅನಾಫಿಲಿಸ್ ಸ್ಟೀಫೆನ್ಸಿಯಲ್ಲಿ ಎರಡು ತಳಿ ಇವೆ ಅಂತ ಬರೆದರು. ಒಂದಕ್ಕೆ ಇಟ್ಟ ಹೆಸರು 'ಮೈಸೂರೆನ್ಸಿಸ್'! ಮೈಸೂರು ಪಾಕು, ಮೈಸೂರು ಮಲ್ಲಿಗೆ ಜೊತೆ ಮೈಸೂರು ಸೊಳ್ಳೆನೂ ಇದೆ ಸ್ವಾಮಿ. ಪುಣ್ಯಕ್ಕೆ ಅದು ಹಳ್ಳಿ ಕಡೆಯ ಸಾಧು ಪ್ರಾಣಿ, ಅಷ್ಟಾಗಿ ಜ್ವರ ಹರಡಲ್ಲ. ನಗರಗಳಲ್ಲಿ ಕಾಡೋದು ಅದರ ಅಣ್ಣ.

ಆಮೇಲೆ ಡಿಡಿಟಿ. ಮೈಸೂರು ಸಂಸ್ಥಾನದ ನೀರಾವರಿ ಹಳ್ಳಿಗಳಲ್ಲಿ ಡಿಡಿಟಿ ಹೊಡೆಯುವ ಮುಂಚೆ, ಹೊಡೆದ ಮೇಲೆ ಜನರ ಹಣಕಾಸಿನ ಸ್ಥಿತಿ ಹೇಗಿತ್ತು ಅಂತಲೇ ಒಂದು ಸಮೀಕ್ಷೆ 1952ರಲ್ಲಿ ಪ್ರಕಟವಾಗಿದೆ. ಜ್ವರ ಅಂದ್ರೆ ನಾಟಿ ಸಮಯದಲ್ಲಿ ಮಲಗಿದ ಆಳು ಅನ್ನೋದು ಆಗಲೇ ಲೆಕ್ಕಕ್ಕೆ ಬಂದಿತ್ತು. ನಮ್ಮ ಮನೆ ಗೋಡೆಯ ತಾರೀಖುಗಳೂ ಆ ಕತೆಯ ಮುಂದಿನ ಭಾಗವೇ.

ಅಜ್ಜಿಗೆ ಆ ಜ್ವರ ಬಂದಿದ್ದು ಒಂದು ಸಲ ಅಲ್ಲ. ಸಿಡುಬು ಒಮ್ಮೆ ಬಂದರೆ ಮತ್ತೆ ಬರುತ್ತಿರಲಿಲ್ಲ, ಇದ್ಯಾಕೆ ಮತ್ತೆ ಮತ್ತೆ? ಈ ಪ್ರಶ್ನೆ ನನ್ನನ್ನು ಕೊಲಂಬಿಯಾ ದೇಶದವರೆಗೆ ಕರೆದೊಯ್ದಿತು.

ಮಲೇರಿಯಾ ಪರಾವಲಂಬಿ ಮಹಾ ಕಳ್ಳ. ನಮ್ಮ ದೇಹದ ಕಾವಲುಗಾರರ ಮುಂದೆ ಬಣ್ಣಬಣ್ಣದ ಪ್ರೋಟೀನುಗಳನ್ನು ಕುಣಿಸುತ್ತೆ, ಅವು ಊರಿಂದೂರಿಗೆ, ತಳಿಯಿಂದ ತಳಿಗೆ ಬೇರೆ. ಕೆಂಪುರಕ್ತಕಣವನ್ನು ಹಿಡಿದು ಒಳನುಗ್ಗಲು ಬಳಸುವ ತುಂಡುಗಳು ಮಾತ್ರ ಬದಲಾಗಲ್ಲ. ಆದರೆ ಆ ತುಂಡುಗಳನ್ನು ದೇಹ ಗುರುತೇ ಹಿಡಿಯಲ್ಲ! ಗುರುತಿಸೋದು ಬದಲಾಗೋದನ್ನ, ಬದಲಾಗದೇ ಇರೋದು ಕಣ್ಣಿಗೇ ಬೀಳಲ್ಲ.

ಮ್ಯಾನುಯೆಲ್ ಪಟರೋಯೊ ಎಂಬ ಕೊಲಂಬಿಯಾದ ವೈದ್ಯರು 1980ರ ದಶಕದಲ್ಲಿ ಪರಾವಲಂಬಿಯ ಪ್ರೋಟೀನುಗಳ ಚೂರುಗಳನ್ನು ಹೋಲುವ 45 ಅಮೈನೋ ಆಮ್ಲಗಳ ಸರಪಳಿಯನ್ನು ಪ್ರಯೋಗಾಲಯದಲ್ಲೇ ಹೆಣೆದರು. ಹೆಸರು ಎಸ್‌ಪಿಎಫ್66. ಜೀವಿಯಿಂದ ತೆಗೆದದ್ದಲ್ಲ, ಪೂರ್ತಿ ರಾಸಾಯನಿಕವಾಗಿ ಮಾಡಿದ್ದು. ಅದರ ಹಕ್ಕನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದಾನ ಕೊಟ್ಟರು. 1993ರಲ್ಲಿ ಕೊಲಂಬಿಯಾದ ಫಲಿತಾಂಶ ಸುಮಾರು ಶೇ. 39 ರಕ್ಷಣೆ ಎಂದಿತು. 1994ರಲ್ಲಿ ತಾಂಜಾನಿಯಾದ ಮಕ್ಕಳಲ್ಲಿ ಶೇ. 31. ಮರುವರ್ಷ ಗ್ಯಾಂಬಿಯಾದಲ್ಲಿ ಶೇ. 8, ಅಂದ್ರೆ ಇಲ್ಲವೇ ಇಲ್ಲ. 1996ರಲ್ಲಿ ಥಾಯ್ಲೆಂಡ್‌ನಲ್ಲಿ ಸೊನ್ನೆ. ಆ ಲಸಿಕೆಯ ಕತೆ ಅಲ್ಲಿಗೆ ಮುಗಿಯಿತು.

ಆಸಾಮಿ ಕೈಬಿಡಲಿಲ್ಲ. ಕಣ್ಣಿಗೆ ಬೀಳದ ಆ ತುಂಡಿನಲ್ಲೇ ಒಂದೆರಡು ಅಮೈನೋ ಆಮ್ಲಗಳನ್ನು ಬದಲಾಯಿಸಿದರೆ? ತೂಕ ಹೆಚ್ಚುಕಮ್ಮಿ ಅದೇ, ಗುಣ ಮಾತ್ರ ತಿರುವುಮುರುವು. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ತಟ್ಟೆಯಂಥ ಅಣು ಇರುತ್ತೆ, ಒಳಗೆ ಸಿಕ್ಕ ತುಂಡನ್ನು ಅದರ ಮೇಲಿಟ್ಟು ಕಾವಲುಗಾರರಿಗೆ ತೋರಿಸೋದು. ಅಸಲಿ ತುಂಡು ಆ ತಟ್ಟೆಯಲ್ಲಿ ಸರಿಯಾಗಿ ಕೂರಲ್ಲ, ತಿದ್ದಿದ ತುಂಡು ಕೂರುತ್ತೆ. ಏಓಟಸ್ ಎಂಬ ಪುಟ್ಟ ಕೋತಿಗಳಲ್ಲಿ ತಿದ್ದಿದ ತುಂಡು ಪ್ರತಿಕಾಯಗಳನ್ನು ಎಬ್ಬಿಸಿತು, ಕೆಲವು ಕೋತಿಗಳಿಗೆ ರಕ್ಷಣೆಯೂ ಸಿಕ್ಕಿತು. ಅಂದ್ರೆ ಕಳ್ಳನ ಅಸಲಿ ಫೋಟೋ ತೋರಿಸಿದರೆ ಗುರುತು ಹಿಡಿಯದ ಪೊಲೀಸಪ್ಪ, ಮೀಸೆ ತಿದ್ದಿದ ಫೋಟೋ ತೋರಿಸಿದರೆ ಅಸಲಿ ಕಳ್ಳನನ್ನೇ ಹಿಡಿದ ಹಾಗೆ! ನನಗೆ ಇದು ತುಂಬಾ ಚೆಂದದ ಯೋಚನೆ ಅನ್ನಿಸುತ್ತೆ. ಆದರೆ ಮನುಷ್ಯರಿಗೆ ಹಾಕುವ ಲಸಿಕೆ ಅದರಿಂದ ಬರಲಿಲ್ಲ ಅನ್ನೋದನ್ನೂ ಹೇಳಲೇಬೇಕು.

ಗೆದ್ದದ್ದು ಬೇರೆ ದಾರಿ. ಸೊಳ್ಳೆ ಕಚ್ಚಿದಾಗ ಒಳಬರುವ ಪರಾವಲಂಬಿಯ ಮೇಲುಹೊದಿಕೆಯ ಪ್ರೋಟೀನಿನ ತುಂಡನ್ನು ಹೆಪಟೈಟಿಸ್ ಬಿ ವೈರಸ್ಸಿನ ಪ್ರೋಟೀನಿಗೆ ಅಂಟಿಸಿ ಮಾಡಿದ ಆರ್‌ಟಿಎಸ್,ಎಸ್‌ಗೆ 2021ರಲ್ಲಿ, ಅದರ ತಮ್ಮನಂಥ ಆರ್21ಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಎರಡನೆಯದನ್ನು ತಯಾರಿಸೋದು ಪುಣೆಯಲ್ಲಿ, ಹಾಕೋದು ಆಫ್ರಿಕಾದ ಮಕ್ಕಳಿಗೆ. ಎರಡೂ ಫಾಲ್ಸಿಪಾರಂ ಮಲೇರಿಯಾಕ್ಕೆ. ನಮ್ಮ ಕರ್ನಾಟಕದಲ್ಲಿ ಹೆಚ್ಚಾಗಿರೋದು ವೈವಾಕ್ಸ್, ಅದಕ್ಕೆ ಇವು ತಾಗಲ್ಲ.

ನಮ್ಮ ಬೆಂಗಳೂರೂ ಈ ಕತೆಯಲ್ಲಿದೆ. ದೆಹಲಿಯ ಐಸಿಜಿಇಬಿ ಸಂಶೋಧಕರು ರೂಪಿಸಿದ ಜೈವ್ಯಾಕ್-1 ಎಂಬ ಲಸಿಕೆಯನ್ನು ಮೊದಲ ಹಂತದಲ್ಲಿ ಪರೀಕ್ಷಿಸಿದ್ದು ಅಲ್ಲೇ, 45 ಜನ ಆರೋಗ್ಯವಂತ ಗಂಡಸರ ಮೇಲೆ. ಅದರಲ್ಲಿ ಎರಡು ಪ್ರೋಟೀನು ಇದ್ದವು. ಒಂದಕ್ಕೆ ದೇಹ ಚೆನ್ನಾಗಿ ಪ್ರತಿಕಾಯ ಮಾಡಿತು. ಇನ್ನೊಂದನ್ನು ಹೆಚ್ಚುಕಮ್ಮಿ ನೋಡಿಯೂ ನೋಡದ ಹಾಗೆ ಬಿಟ್ಟಿತು. ಮತ್ತೆ ಅದೇ ಕತೆ.

ಗೋಡೆಯ ಆ ಜಾಗಕ್ಕೆ ಈ ಸಲ ಸುಣ್ಣ ಹೊಡೆಸಬೇಡಿ ಅಂತ ಅಪ್ಪನಿಗೆ ಹೇಳಿ ಬಂದಿದ್ದೀನಿ. ನಿಮ್ಮ ಊರ ಹಳೇ ಮನೆಗಳಲ್ಲಿ ಇಂಥ ತಾರೀಖು ಉಳಿದಿದ್ದರೆ ಒಂದು ಫೋಟೋ ಹಾಕಿ, ನೋಡೋಣ.