ಲಿಂಗತ್ವ ತಳಮಳ: ಹದಿಹರೆಯದವರ ಆರೋಗ್ಯ ಮಾರ್ಗಸೂಚಿ

ಹುಟ್ಟಿದಾಗ ಗುರುತಿಸಿದ ಲಿಂಗ ತನ್ನ ಅರಿವಿಗೆ ಒಗ್ಗದೆ, ಓದು ಊಟ ನಿದ್ದೆ ಕೆಡುವಷ್ಟು ಸಂಕಟವಾದರೆ ಅದನ್ನು ವೈದ್ಯರು ಜೆಂಡರ್ ಡಿಸ್ಫೋರಿಯಾ, ಅಂದರೆ ಲಿಂಗತ್ವ ತಳಮಳ ಎನ್ನುತ್ತಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗ ವರ್ಗೀಕರಣವು ಈ ಒಗ್ಗದಿರುವಿಕೆಯನ್ನು, ಅಂದರೆ ಲಿಂಗತ್ವ ಅಸಾಂಗತ್ಯವನ್ನು, ಮನೋರೋಗಗಳ ಪಟ್ಟಿಯಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದೆ.

ಕಾನೂನು

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆ, ಅದರ ಮೂಲ ಪಾಠದ 15ನೇ ಕಲಮಿನಲ್ಲಿ, ಆಪ್ತಸಮಾಲೋಚನೆ ಮತ್ತು ಹಾರ್ಮೋನ್ ಚಿಕಿತ್ಸೆ ಒದಗಿಸುವಂತೆ ಸರ್ಕಾರಕ್ಕೆ ಹೇಳಿತು. ಆರೋಗ್ಯ ಕೈಪಿಡಿಯನ್ನು ಮಾತ್ರ ಶಸ್ತ್ರಚಿಕಿತ್ಸೆಯ ಸಂಬಂಧದಲ್ಲಿ, ‘ಡಬ್ಲ್ಯುಪಾತ್’ ಎಂಬ ಅಂತರರಾಷ್ಟ್ರೀಯ ವೃತ್ತಿಪರರ ಸಂಘದ ಮಾರ್ಗಸೂಚಿಗೆ ಅನುಗುಣವಾಗಿ ತರಬೇಕೆಂದಿತು. ಶಸ್ತ್ರಚಿಕಿತ್ಸೆಯ ಮಾತು ಬರುವ ಮುಂಚಿನ ವಯಸ್ಸಿನವರು ಇದರಿಂದ ಅಂಚಿಗೆ ಸರಿದರೆನ್ನಬೇಕು. ಇದೇ ಕಾಯ್ದೆಯಡಿ ಸಿಗುವ ಲಿಂಗತ್ವದ ಗುರುತಿನ ಪತ್ರಕ್ಕೆ ಅಪ್ರಾಪ್ತರ ಪರವಾಗಿ ಹೆತ್ತವರು ಅಥವಾ ಪೋಷಕರು ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಕೊಡಬೇಕು. ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಅದು ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕಚೇರಿ.

ಪ್ರೌಢಾವಸ್ಥೆಯ ತಡೆ

ಪ್ರೌಢಾವಸ್ಥೆ ಶುರುವಾಗುವ ಮುಂಚಿನ ಮಗುವಿಗೆ ಯಾವ ಮಾರ್ಗಸೂಚಿಯೂ ಔಷಧಿ ಹೇಳುವುದಿಲ್ಲ. ವಿವಾದವೆಲ್ಲ ಅದರ ನಂತರದ್ದು. ಅಕಾಲದಲ್ಲಿ ಪ್ರೌಢರಾಗುವ ಮಕ್ಕಳಿಗೆ ಕೊಡುತ್ತಿದ್ದ ಚುಚ್ಚುಮದ್ದನ್ನು 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ವೈದ್ಯರು ಲಿಂಗತ್ವ ತಳಮಳದ ಚಿಕಿತ್ಸೆಗೂ ತಂದರು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಸಂಕೇತ ಬಿಟ್ಟುಬಿಟ್ಟು ಬಂದರಷ್ಟೇ ಕೆಲಸ; ಈ ಮದ್ದು ಎಡೆಬಿಡದೆ ಸಂಕೇತ ಕೊಟ್ಟು ಅದನ್ನು ಸುಮ್ಮನಾಗಿಸುತ್ತದೆ. ಸ್ತನ ಬೆಳೆಯುವುದು, ಗಂಟಲು ಒಡೆಯುವುದು ನಿಲ್ಲುತ್ತವೆ. ಮದ್ದು ನಿಲ್ಲಿಸಿದರೆ ಮತ್ತೆ ಶುರುವಾಗುತ್ತವೆ. ಡಚ್ಚರ ಕ್ರಮದಲ್ಲಿ ತಡೆಗೆ 12, ಹಾರ್ಮೋನಿಗೆ 16, ಶಸ್ತ್ರಚಿಕಿತ್ಸೆಗೆ 18 ವರ್ಷ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ತಡೆಯ ಮಟ್ಟಿಗೆ ವಯಸ್ಸಿಗಿಂತ ದೇಹವನ್ನೇ ನೋಡೆಂದಿತು: ಟ್ಯಾನರ್ 2ನೇ ಹಂತ, ಅಂದರೆ ಹುಡುಗಿಯಲ್ಲಿ ಸ್ತನದ ಮೊಗ್ಗು, ಹುಡುಗನಲ್ಲಿ 4 ಮಿಲಿಲೀಟರ್ ವೃಷಣ. ವೃಷಣದ ಗಾತ್ರವನ್ನು ವೈದ್ಯರು ದಾರಕ್ಕೆ ಪೋಣಿಸಿದ ಪ್ರೇಡರ್ ಮಣಿಗಳ ಪಕ್ಕದಲ್ಲಿಟ್ಟು ಕೈಯಿಂದ ತಡವಿ ಅಳೆಯುತ್ತಾರೆ. ತಡೆಯ ಮದ್ದು ಕೊಡುವಾಗ ಮೂಳೆಯ ಸಾಂದ್ರತೆ ಆಗಾಗ ನೋಡಬೇಕು. ಮುಂದೆ ಮಕ್ಕಳಾಗುವ ವಿಚಾರವನ್ನು ಮೊದಲೇ ಮಾತಾಡಬೇಕು. ಡಬ್ಲ್ಯುಪಾತ್ 2022ರ 8ನೇ ಆವೃತ್ತಿಯಲ್ಲಿ ಕನಿಷ್ಠ ವಯಸ್ಸುಗಳನ್ನು ಕೈಬಿಟ್ಟಿತು. ಬ್ರಿಟನ್ನಿನ ಕ್ಯಾಸ್ ವರದಿ (2024) ಪುರಾವೆ ದುರ್ಬಲವೆಂದಿತು. ಇಂಗ್ಲೆಂಡ್ ಈ ಮದ್ದಿನ ವಾಡಿಕೆಯ ಬಳಕೆ ನಿಲ್ಲಿಸಿತು. ತೂಕ ಯಾವ ಕಡೆಗೆಂದು ಈಗಲೇ ಹೇಳುವುದು ಅವಸರವಾದೀತು.

ಸ್ಥಳೀಯ ಸೇವೆ

ಮೂರೂ ತಾಲ್ಲೂಕುಗಳಿಗೆ ಮೊದಲ ಮೆಟ್ಟಿಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಮೇಲಿನ ಹಂತಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವನ್ನು ‘ಸರಿಮಾಡಿಸಲು’ ಕರೆತರುವ ಹೆತ್ತವರ ಕೋರಿಕೆಗೆ ವೈದ್ಯರು ಒಪ್ಪುವಂತಿಲ್ಲ: ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ಸಾರಿದೆ.