ನಮ್ಮ ನಳದ ನೀರು ಹೋಗುವ ದಾರಿ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ನಾವೆಲ್ಲ ಬೆನ್ನ ಕಡೆಯಿಂದ ಹೋಗುತ್ತೇವೆ ಎಂಬುದು ನನಗೆ ಹೊಳೆದದ್ದು ನಾಲ್ಕನೇ ಸಲ ಅಲ್ಲಿಗೆ ಹೋದಾಗ. ಟಿಕೆಟ್ ತೆಗೆಸಿ, ಹುಲ್ಲುಹಾಸಿನ ನಡುವಿನ ದಾರಿ ಹಿಡಿದು, ಒಂದೊಂದೇ ಗುಡಿ ನೋಡುತ್ತ ಬರುವುದು ಈಗಿನ ಕ್ರಮ. ಆದರೆ ಗುಡಿ ನೋಡುತ್ತಿರುವುದು ಪೂರ್ವಕ್ಕೆ. ನಂದಿ ಮಂಟಪ ದಾಟಿದರೆ ಹೆಬ್ಬಾಗಿಲು, ಅದರಾಚೆ ಮಲಪ್ರಭೆ. ಕಟ್ಟಿಸಿದವರ ಮನಸ್ಸಿನಲ್ಲಿದ್ದ ಯಾತ್ರಿಕ ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಮೆಟ್ಟಿಲೇರಿ ಬರುವವನು.

ಆ ಸಲ ನಾನು ಆ ಬಾಗಿಲಿನಿಂದ ಹೊಳೆಗಿಳಿದೆ. ಏಪ್ರಿಲ್ ತಿಂಗಳು. ಹರಿವು ಇರಲಿಲ್ಲ. ಅಲ್ಲಲ್ಲಿ ನಿಂತ ಹಸಿರು ನೀರು, ಆಪು ಬೆಳೆದ ದಂಡೆ, ಮೂಗಿಗೆ ಬಡಿಯುವ ವಾಸನೆ. ಎಮ್ಮೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ಯಾವೂರು ಎಂದು ಕೇಳಿದರು. ಹುಬ್ಬಳ್ಳಿ ಎಂದೆ. "ಹಂಗಾರ ಇದು ನಿಮ್ಮೂರ ನೀರ ನೋಡ್ರಿ," ಎಂದು ನಕ್ಕರು.

ತಮಾಷೆಯೆಂದುಕೊಂಡು ನಾನೂ ನಕ್ಕೆ. ಊರಿಗೆ ಬಂದು ನಕಾಶೆ ಹರಡಿಕೊಂಡು ಕೂತಾಗಲೇ ಅಜ್ಜ ಹೇಳಿದ್ದು ಭೂಗೋಳದ ಪಾಠ ಎಂದು ತಿಳಿದದ್ದು.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಾಮದುರ್ಗ, ಕೊಣ್ಣೂರು, ಹೊಳೆಆಲೂರು, ಚೊಳಚಗುಡ್ಡ. ಪಟ್ಟದಕಲ್ಲಿನ ಹತ್ತಿರ ಗುಡ್ಡಗಳ ನಡುವೆ ಉತ್ತರಕ್ಕೆ ತಿರುಗುತ್ತದೆ. ಹೊಳೆ ಉತ್ತರವಾಹಿನಿಯಾದ ಕಡೆ ಪುಣ್ಯ ಹೆಚ್ಚು ಎನ್ನುವ ನಂಬಿಕೆ ಹಳೆಯದು. ಚಾಲುಕ್ಯರು ಪಟ್ಟಕಟ್ಟಿಸಿಕೊಳ್ಳಲು ಈ ಜಾಗವನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣವೆನ್ನುತ್ತಾರೆ. ಆಮೇಲೆ ಐಹೊಳೆಯನ್ನು ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆ.

ಈ ದಾರಿಯಲ್ಲಿ, ಪಟ್ಟದಕಲ್ಲಿಗಿಂತ ಮೇಲೆ, ರೋಣ ತಾಲ್ಲೂಕಿನಲ್ಲಿ ಬೆಣ್ಣೆಹಳ್ಳ ಬಂದು ಸೇರುತ್ತದೆ. ಹುಬ್ಬಳ್ಳಿಯ ದಕ್ಷಿಣದ ಕಡೆ ಹುಟ್ಟಿ, ನವಲಗುಂದದ ಎರೆಹೊಲಗಳನ್ನು ಹಾಯ್ದು ಬರುವ ಹಳ್ಳ ಅದು. ಹುಬ್ಬಳ್ಳಿಯ ಉಣಕಲ್ ನಾಲಾ ಮತ್ತು ಊರಿನ ಬಹುಪಾಲು ಗಟಾರಗಳ ನೀರು ಕೊನೆಗೆ ಸೇರುವುದು ಅದಕ್ಕೇ. ಹುಬ್ಬಳ್ಳಿ-ಧಾರವಾಡ ಕುಡಿಯುವುದೋ, ಸವದತ್ತಿಯ ಕಡೆಯಿಂದ ಎತ್ತಿ ಅಮ್ಮಿನಭಾವಿಯಲ್ಲಿ ಶುದ್ಧಮಾಡಿ ಕಳಿಸುವ ಮಲಪ್ರಭೆಯನ್ನು. ಅಂದರೆ ಹೊಳೆಯನ್ನು ಅಣೆಕಟ್ಟಿನ ಹತ್ತಿರ ಎತ್ತಿಕೊಂಡು, ಕುಡಿದು, ತೊಳೆದು, ಬಳಸಿ, ಅದೇ ಹೊಳೆಗೆ ಕೆಳಗೆ ವಾಪಸ್ಸು ಕೊಡುತ್ತೇವೆ. ನಡುವೆ ಅಣೆಕಟ್ಟಿನ ಗೇಟು ಮುಚ್ಚಿರುವುದರಿಂದ ಬೇಸಿಗೆಯಲ್ಲಿ ಅದನ್ನು ತಿಳಿಮಾಡಲು ಬೇರೆ ನೀರಿಲ್ಲ.

ಇಂಥ ವಿಷಯ ಬರೆಯುವಾಗ ಹಿಂದಿನವರು ಪ್ರಕೃತಿಯನ್ನು ಪೂಜಿಸುತ್ತಿದ್ದರು, ನಾವು ಕೆಡಿಸಿದೆವು ಎಂದುಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಸಂಸ್ಕೃತದಲ್ಲಿ ರಕ್ತಪುರ. ಅದೂ ಪಟ್ಟಣವೇ, ಮತ್ತು ಅದರ ಉದ್ಯಮ ಕಲ್ಲು. ಊರಿನ ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದ ಗುಡ್ಡದಲ್ಲಿ ಆ ಕಾಲದ ಕಲ್ಲುಗಣಿ ಇದೆ. ಬಂಡೆ ಸೀಳಲು ಹೊಡೆದ ಉಳಿಗುರುತು, ಕೆಲಸಗಾರರು ಕೊರೆದ ಹೆಸರು, ಚಿತ್ರಗಳು ಇನ್ನೂ ಕಾಣುತ್ತವೆ. ಸುಮಾರು ಅರ್ಧ ಶತಮಾನದಲ್ಲಿ ವಿಜಯಾದಿತ್ಯ (696–733) ಸಂಗಮೇಶ್ವರವನ್ನೂ, ಅವನ ಮಗ ಎರಡನೇ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ವಿರೂಪಾಕ್ಷ, ಮಲ್ಲಿಕಾರ್ಜುನಗಳನ್ನೂ ಎತ್ತಿಸಿದರು. ಅದಕ್ಕೆ ಎಷ್ಟು ಗುಡ್ಡ ಕರಗಿರಬೇಕು, ಕಮ್ಮಾರರ ಕುಲುಮೆಗೆ ಎಷ್ಟು ಮರ ಉರಿದಿರಬೇಕು! ವಿರೂಪಾಕ್ಷವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ಬಿರುದು ಸಿಕ್ಕಿದ್ದನ್ನು ಶಾಸನ ಹೇಳುತ್ತದೆ. ಕಡಿದ ಕಾಡಿನ ಲೆಕ್ಕವನ್ನು ಯಾವ ಶಾಸನವೂ ಹೇಳುವುದಿಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ, ಅದನ್ನು ನೋಡಲು ಬಾದಾಮಿಗೆ ಹೋಗಬೇಕು. ಮೊದಲನೇ ಪುಲಿಕೇಶಿ 543ರಲ್ಲಿ ಕೋಟೆ ಕಟ್ಟಿದ ರಾಜಧಾನಿ ಅದು. ಹೊಳೆ ದೂರವೇನಿಲ್ಲ, ಬನಶಂಕರಿಯ ಹತ್ತಿರ ಚೊಳಚಗುಡ್ಡದ ಬಳಿಯೇ ಹರಿಯುತ್ತದೆ. ಆದರೂ ಊರು ನೆಚ್ಚಿಕೊಂಡದ್ದು ಅಗಸ್ತ್ಯ ತೀರ್ಥವನ್ನು: ಎರಡು ಕೆಂಪು ಬೆಟ್ಟಗಳ ನಡುವಿನ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಮಳೆನೀರು. ಜೋರು ಮಳೆಗೆ ಬಂಡೆಯ ಮೇಲಿಂದ ಜಲಪಾತವಾಗಿ ಬೀಳುವ ನೀರು ಕೆರೆಗೆ ಇಳಿಯುವುದನ್ನು ಈಗಲೂ ನೋಡಬಹುದು. ತನ್ನ ತಲೆಯ ಮೇಲೆ ಬಿದ್ದಷ್ಟರಲ್ಲೇ ಬಾಳಿದ ರಾಜಧಾನಿ ಅದು. ಕೆರೆ ಹೊಲಸಾದರೆ ಮೊದಲು ಮೂಗು ಮುಚ್ಚಬೇಕಾದವರು ಅದರ ದಂಡೆಯವರೇ. ಒಳ್ಳೆಯತನಕ್ಕಿಂತ ಇದು ಅನಿವಾರ್ಯತೆಯ ಮಾತು, ಇರಲಿ.

ಹುಬ್ಬಳ್ಳಿಯೂ ಮೊದಲು ಹಾಗೇ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ಅದರ ಕಾರ್ಖಾನೆ ಬಂತು, ಎರೆಹೊಲದ ಹತ್ತಿಯನ್ನು ನೂಲುವ ಗಿರಣಿ ಬಂತು. ಗದಗ, ಬಾದಾಮಿ, ಬಾಗಲಕೋಟೆಯ ಮೇಲೆ ಹೋಗುವ ಅದೇ ಹಳಿಗಳು ಹೊಳೆಆಲೂರಿನ ಹತ್ತಿರ ಮಲಪ್ರಭೆಯನ್ನು ದಾಟುತ್ತವೆ. ಊರು ಬೆಳೆದಂತೆ ಉಣಕಲ್ ಕೆರೆ ಸಾಲದೆ, 1950ರ ದಶಕದಲ್ಲಿ ಕಲಘಟಗಿಯ ಕಡೆ ನೀರಸಾಗರ ಕಟ್ಟಿದರು. ಅದೂ ಸಾಲದಾದಾಗ ಮಲಪ್ರಭೆಗೆ ಕೈಹಾಕಿದೆವು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾದವು. 2011ರ ಜನಗಣತಿಯಲ್ಲಿ ಜನಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿತ್ತು. ಗೋಕುಲ ರಸ್ತೆ, ತಾರಿಹಾಳದ ಕಡೆ ಕೈಗಾರಿಕೆಗಳು ಬಂದವು. ಊರಿನ ಕೆರೆ, ಹೊಂಡಗಳು ಒಂದೊಂದಾಗಿ ಬಸ್ ನಿಲ್ದಾಣ, ಮೈದಾನ, ಬಡಾವಣೆಗಳಾದವು. ದೂರದಿಂದ ಪೈಪಿನಲ್ಲಿ ನೀರು ಬರುವಾಗ ಮನೆ ಪಕ್ಕದ ಕೆರೆ ಯಾರಿಗೆ ಬೇಕು?

ನವಿಲುತೀರ್ಥದ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅದು ತುಂಬಿದ ವರ್ಷಗಳು ಕಡಿಮೆ. ಮೇಲ್ಭಾಗದಲ್ಲಿ ಕಬ್ಬು ಹಬ್ಬಿ ಪಂಪ್‌ಸೆಟ್ಟುಗಳು ಹೊಳೆಗೆ ಬಾಯಿಹಾಕಿವೆ. ಕೆಳಗೆ ಕಾಲುವೆಯ ಕೊನೆಯ ಹೊಲಕ್ಕೆ ನೀರಿಲ್ಲ. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೊಚ್ಚಿಗೆದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಮಹದಾಯಿ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಬಂದ್ ಮಾಡುತ್ತೇವೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕಳಸಾ, ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು ಎರಡೂ ಸೇರಿ 3.9 ಟಿಎಂಸಿ. ಆ ನೀರು ಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಮೆರವಣಿಗೆಯಲ್ಲೂ ಕೇಳಿದ ನೆನಪು ನನಗಿಲ್ಲ. ನಾನೂ ಕೇಳಿದವನಲ್ಲ.

ಬತ್ತಿದ ಹೊಳೆಯ ಪಾತ್ರ ಹಾಗೇ ಉಳಿಯುವುದಿಲ್ಲ. ವರ್ಷದ ಬಹುಕಾಲ ನೀರಿಲ್ಲದ ನೆಲವನ್ನು ಎರಡೂ ದಂಡೆಯವರು ಒತ್ತಿ ಬಿತ್ತಿದರು. ಊರುಗಳ ಕಟ್ಟಡಗಳಿಗೆ ಅದರ ಮರಳು ಹೋಯಿತು, ಗುಂಡಿಗಳಲ್ಲಿ ಬಳ್ಳಾರಿ ಜಾಲಿ ಎದ್ದಿತು. 2019ರ ಆಗಸ್ಟ್‌ನಲ್ಲಿ, ವರ್ಷಗಟ್ಟಲೆ ತುಂಬದಿದ್ದ ಜಲಾಶಯ ತುಂಬಿ ಗೇಟು ತೆರೆದಾಗ, ಹೊಳೆಗೆ ತನ್ನ ಹಳೆಯ ಅಗಲ ಸಿಗಲಿಲ್ಲ. ಬೆಣ್ಣೆಹಳ್ಳವೂ ತುಂಬಿ ಬಂದಿತ್ತು. ಕೊಣ್ಣೂರಿನಿಂದ ಪಟ್ಟದಕಲ್ಲಿನವರೆಗೆ ಊರೂರೇ ಮುಳುಗಿದವು. 2009ರ ನೆರೆ ಕಂಡ ಜನ ಮತ್ತೊಮ್ಮೆ ಗುಡ್ಡ ಹತ್ತಿದರು. ಹೊಳೆ ಪೂರ್ವದ ಹೆಬ್ಬಾಗಿಲಿನ ಕಡೆಯಿಂದ ಗುಡಿಗಳ ಅಂಗಳಕ್ಕೆ ಬಂತು. 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಗುಡಿಗಳು ನೀರಿನ ನಡುವೆ ನಿಂತ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ನಾವು ಅದನ್ನು ಹುಬ್ಬಳ್ಳಿಯಲ್ಲಿ ಮೊಬೈಲಿನಲ್ಲಿ ನೋಡಿ ಅಯ್ಯೋ ಎಂದೆವು.

ನೀರು ಇಳಿದರೆ ಕಲ್ಲಿಗೇನಾಗುತ್ತದೆ ಎಂದು ಕೇಳುವವರಿದ್ದಾರೆ. ಇದು ಗ್ರಾನೈಟ್ ಅಲ್ಲ, ಮರಳುಗಲ್ಲು, ನೀರು ಹೀರುತ್ತದೆ. ನೀರಿನ ಜೊತೆ ಲವಣವೂ ಒಳಗೆ ಹೋಗುತ್ತದೆ. ಬಿಸಿಲಿಗೆ ನೀರು ಆರಿದಾಗ ಲವಣ ಹರಳುಗಟ್ಟಿ, ಮೇಲ್ಪದರವನ್ನು ಒಳಗಿನಿಂದ ದೂಡುತ್ತದೆ. ಹಾಗೆ ಹಾಳಾಗುವ ಕಲ್ಲಿನಿಂದ ಮೊದಲು ಹೋಗುವುದು ಮೂಗು, ಬೆರಳು, ಅಕ್ಷರ. ಅಲ್ಲಿ 754ರ ಒಂದು ಸ್ತಂಭಶಾಸನವಿದೆ. ಗಂಗೆಯ ಉತ್ತರ ದಂಡೆಯ ನಾಡಿನಿಂದ ಬಂದ ಜ್ಞಾನಶಿವಾಚಾರ್ಯ ನಿಲ್ಲಿಸಿದ್ದು, ಉತ್ತರದ ಲಿಪಿಯಲ್ಲೂ ನಮ್ಮ ಲಿಪಿಯಲ್ಲೂ ಬರೆಸಿದ್ದು. ಗಂಗೆ ಬಿಟ್ಟು ಬಂದವನೊಬ್ಬ ಈ ದಂಡೆಯಲ್ಲಿ ನೆಲೆನಿಂತಿದ್ದ.

ಅವತ್ತು ಸಂಜೆ ಅಜ್ಜ ಎಮ್ಮೆ ಹೊಡೆದುಕೊಂಡು ಊರ ಕಡೆ ಹೊರಟರು, ನಾನೂ ಜೊತೆಗೆ ನಡೆದೆ. ದಾರಿಯಲ್ಲಿ ನೀರಿನ ಘಟಕದ ಮುಂದೆ ನಿಂತು, ಮೊಮ್ಮಗ ತಂದಿಟ್ಟಿದ್ದ ಕೊಡಪಾನವನ್ನು ನಳದ ಕೆಳಗೆ ಹಿಡಿದರು. ಆಮೇಲೆ ಅಂಗಿಯ ಕಿಸೆ ತಡಕಾಡಿ ನನ್ನ ಕಡೆ ತಿರುಗಿದರು. "ಐದ ರೂಪಾಯಿದು ಕಾಯಿನ್ ಐತೇನ್ರಿ?"